ರಕ್ತದಲ್ಲಿ ಕಬ್ಬಿಣ ಜಾಸ್ತಿ ಬಂದಿದೆ, ತಪ್ಪು ಬಾಣಲೆಯದ್ದಾ?

ಪ್ರಶ್ನೆ: ಡಾಕ್ಟ್ರೇ, ನನಗೆ 47 ವರ್ಷ. ಊರು ಕುಂದಾಪುರದ ಕಡೆ, ಮನೆ ಡೊಂಬಿವಲಿಯಲ್ಲಿ, ಅಂಧೇರಿಯಲ್ಲಿ ಒಂದು ಸಣ್ಣ ಹೋಟೆಲ್ ಇದೆ. ಕಳೆದ ತಿಂಗಳು ನಾನು, ಹೆಂಡತಿ ಇಬ್ಬರೂ ಫುಲ್ ಬಾಡಿ ಚೆಕಪ್ ಮಾಡಿಸಿದೆವು. ನನಗೆ ಸೀರಂ ಐರನ್ 192, ಟಿಐಬಿಸಿ 338, ಸ್ಯಾಚುರೇಶನ್ 57 ಪರ್ಸೆಂಟ್, ಫೆರಿಟಿನ್ 642 ಬಂದಿದೆ. ಹಿಮೋಗ್ಲೋಬಿನ್ 15.1, ಎಂಸಿವಿ 88, ಎಸ್‌ಜಿಪಿಟಿ 74, ಖಾಲಿ ಹೊಟ್ಟೆಯ ಶುಗರ್ 112. ಹೆಂಡತಿಗೆ ಉಲ್ಟಾ. ಹಿಮೋಗ್ಲೋಬಿನ್ 9.8, ಫೆರಿಟಿನ್ ಬರೀ 9. ನನಗೆ ಆರೇಳು ತಿಂಗಳಿಂದ ಸುಸ್ತು. ಹಾಗಾಗಿ ಅವಳ ಐರನ್ ಮಾತ್ರೆಯನ್ನೇ ಮೂರು ತಿಂಗಳು ದಿನಕ್ಕೊಂದು ತೆಗೆದುಕೊಂಡಿದ್ದೆ. ಟೆಸ್ಟಿನ ದಿನ ಬೆಳಿಗ್ಗೆಯೂ ತೆಗೆದುಕೊಂಡಿದ್ದೆ. ಸೊಸೈಟಿಯ ಒಬ್ಬರು ಇದು ಬ್ಲಡ್ ಕ್ಯಾನ್ಸರ್ ಲಕ್ಷಣ ಅಂದರು. ಇನ್ನೊಬ್ಬರು ಕಬ್ಬಿಣದ ಬಾಣಲೆ ಬಿಡಿ ಅಂದರು. ಬಾಣಲೆ, ಕಾವಲಿ ಎರಡನ್ನೂ ಲಾಫ್ಟಿಗೆ ಹಾಕಿದ್ದೇವೆ. ಬಸಳೆ, ಹರಿವೆ, ರಾಗಿ ಎಲ್ಲ ಬಂದ್. ರಕ್ತದಾನ ಮಾಡಿದರೆ ಇಳಿಯುತ್ತದಾ? ತಮ್ಮನಿಗೆ, ಮಕ್ಕಳಿಗೆ ಟೆಸ್ಟ್ ಮಾಡಿಸಬೇಕಾ? ಎರಡು ವರ್ಷದ ಹಿಂದೆ ಸೋನೋಗ್ರಫಿಯಲ್ಲಿ ಲಿವರ್‌ನಲ್ಲಿ ಸ್ವಲ್ಪ ಕೊಬ್ಬಿದೆ ಅಂದಿದ್ದರು. ಅದಕ್ಕೂ ಇದಕ್ಕೂ ಸಂಬಂಧ ಇರಲಿಕ್ಕಿಲ್ಲ. ಹೊಟ್ಟೆ ಸುತ್ತಳತೆ 40 ಇಂಚು. ರಾತ್ರಿ ಹೋಟೆಲ್ ಬಂದ್ ಮಾಡಿದ ಮೇಲೆ ಎರಡು-ಮೂರು ಪೆಗ್ ಅಭ್ಯಾಸ, ಅದಕ್ಕಿಂತ ಜಾಸ್ತಿ ಇಲ್ಲ.

ಉತ್ತರ: ಮುಂಬೈಯಲ್ಲಿ ರಕ್ತದ ಕಾಯಿಲೆಗಳನ್ನು ನೋಡುತ್ತಾ ನನಗೆ ಇಪ್ಪತ್ತು ವರ್ಷದ ಮೇಲಾಯಿತು. ನಿಮ್ಮಂಥ ಪತ್ರಗಳು ಈಚೆಗೆ ತುಂಬಾ ಬರುತ್ತಿವೆ. ಮೊದಲೆಲ್ಲ ಫೆರಿಟಿನ್ ಟೆಸ್ಟನ್ನು ವೈದ್ಯರು ಕಾರಣ ಇದ್ದರೆ ಮಾತ್ರ ಬರೆಯುತ್ತಿದ್ದರು. ಈಗ ಚೆಕಪ್ ಪ್ಯಾಕೇಜಿನಲ್ಲಿ ಅದೂ ಸೇರಿಕೊಂಡಿದೆ. ಮೊಬೈಲಿಗೆ ರಿಪೋರ್ಟ್ ಬರುತ್ತದೆ, ಕೆಂಪು ಅಕ್ಷರ ಕಾಣುತ್ತದೆ, ಆ ರಾತ್ರಿ ನಿದ್ದೆ ಇಲ್ಲ.

ಮೊದಲು ಕ್ಯಾನ್ಸರ್ ವಿಷಯ ಮುಗಿಸೋಣ. ಬ್ಲಡ್ ಕ್ಯಾನ್ಸರನ್ನು ನಾವು ಹುಡುಕುವುದು ಬಿಳಿ ಕಣ, ಪ್ಲೇಟ್‌ಲೆಟ್, ಹಿಮೋಗ್ಲೋಬಿನ್ ಇವುಗಳಲ್ಲಿ. ಕೆಲವು ಕ್ಯಾನ್ಸರ್‌ಗಳಲ್ಲಿ ಫೆರಿಟಿನ್ ಏರುವುದು ನಿಜ. ಆದರೆ ಅಂಥವರಲ್ಲಿ ತೂಕ ಇಳಿಯುವುದು, ಜ್ವರ, ಗಂಟು, ರಕ್ತದ ಎಣಿಕೆಯಲ್ಲಿ ವ್ಯತ್ಯಾಸ ಹೀಗೆ ಬೇರೆ ಸುಳಿವೂ ಸಾಮಾನ್ಯವಾಗಿ ಇರುತ್ತದೆ. ನಿಮ್ಮ ಪತ್ರದಲ್ಲಿ ಅಂಥದ್ದೇನೂ ಇಲ್ಲ. ರಿಪೋರ್ಟಿನ ಮೊದಲ ಪುಟದಲ್ಲಿ ಬಿಳಿ ಕಣ, ಪ್ಲೇಟ್‌ಲೆಟ್ ಸರಿ ಇವೆಯಾ ಎಂದು ಒಮ್ಮೆ ನೋಡಿಕೊಳ್ಳಿ. ಸರಿ ಇದ್ದರೆ ಸೊಸೈಟಿಯವರ ಮಾತು ಅಲ್ಲಿಗೇ ಬಿಡಿ.

ಇನ್ನು ಬಾಣಲೆ. ನೀವೇ ಬರೆದದ್ದನ್ನು ಇನ್ನೊಮ್ಮೆ ಓದಿ ನೋಡಿ. ಒಂದೇ ಅಡುಗೆಮನೆ, ಒಂದೇ ಬಾಣಲೆ, ಒಂದೇ ಬಸಳೆ ಹುಳಿ. ಅದನ್ನು ತಿಂದ ನಿಮ್ಮ ಫೆರಿಟಿನ್ 642, ನಿಮ್ಮ ಹೆಂಡತಿಯದ್ದು 9. ಬಾಣಲೆಯದ್ದೇ ತಪ್ಪಾಗಿದ್ದರೆ ಅದು ಅವರಿಗೂ ಸ್ವಲ್ಪ ಕೊಡಬೇಕಿತ್ತಲ್ವಾ?

ಕಬ್ಬಿಣದ ಪಾತ್ರೆಯಲ್ಲಿ, ಅದರಲ್ಲೂ ಹುಳಿ ಹಾಕಿ ಮಾಡಿದ ಅಡುಗೆಗೆ ಕಬ್ಬಿಣ ಇಳಿಯುವುದು ನಿಜ. ಆಫ್ರಿಕಾದ ಕೆಲವು ಕಡೆ ಕಬ್ಬಿಣದ ಡ್ರಮ್ಮಿನಲ್ಲಿ ಬಿಯರ್ ಮಾಡಿ ವರ್ಷಗಟ್ಟಲೆ ಕುಡಿದವರ ಲಿವರ್ ತುಂಬಾ ಕಬ್ಬಿಣ ಸೇರಿದ್ದೂ ಇದೆ. ಅಲ್ಲೂ ಬರೀ ಡ್ರಮ್ಮು ಸಾಲದು, ಜೊತೆಗೆ ಹುಟ್ಟಿನಿಂದ ಬಂದ ಒಲವೂ ಇರಬೇಕು ಎಂದು ಆಮೇಲೆ ಅನ್ನಿಸಿತು. ಮನೆಯ ಬಾಣಲೆಯ ಪಲ್ಯದಿಂದ ಆರೋಗ್ಯವಂತರಿಗೆ ಕಬ್ಬಿಣ ಹೆಚ್ಚಾಗಿ ಕಾಯಿಲೆ ಬಂದದ್ದನ್ನು ನಾನಂತೂ ನೋಡಿಲ್ಲ.

ಯಾಕೆಂದರೆ ದೇಹಕ್ಕೆ ಕಬ್ಬಿಣದ ವಿಷಯದಲ್ಲಿ ಭಾರೀ ಜಿಪುಣತನ. ನಮ್ಮ ಇಡೀ ಮೈಯಲ್ಲಿ ಇರುವುದು 3ರಿಂದ 4 ಗ್ರಾಂ ಕಬ್ಬಿಣ. ಅದರಲ್ಲಿ ಸುಮಾರು ಮೂರರಲ್ಲಿ ಎರಡು ಪಾಲು ಕೆಂಪು ಕಣಗಳಲ್ಲೇ ಇದೆ. ದಿನಕ್ಕೆ ಹೊಸದಾಗಿ ಒಳಗೆ ಬರುವುದು 1ರಿಂದ 2 ಮಿಲಿಗ್ರಾಂ, ಹೊರಗೆ ಹೋಗುವುದೂ ಅಷ್ಟೇ. ಉಪ್ಪು ಜಾಸ್ತಿಯಾದರೆ ಮೂತ್ರದಲ್ಲಿ ಹೋಗುತ್ತದೆ. ಕಬ್ಬಿಣ ಜಾಸ್ತಿಯಾದರೆ ಹೊರಹಾಕುವ ದಾರಿಯೇ ದೇಹದಲ್ಲಿಲ್ಲ. ಅದಕ್ಕೆ ಬಾಗಿಲಲ್ಲೇ ಕಾವಲು. ಲಿವರ್ ಹೆಪ್ಸಿಡಿನ್ ಎಂಬ ಹಾರ್ಮೋನ್ ಮಾಡುತ್ತದೆ. ಒಳಗೆ ದಾಸ್ತಾನು ಸಾಕಷ್ಟಿದ್ದರೆ ಹೆಪ್ಸಿಡಿನ್ ಏರುತ್ತದೆ, ಆಗ ಕರುಳು ಕಬ್ಬಿಣ ಒಳಗೆ ಬಿಡುವುದು ಕಡಿಮೆ. ನೀವು ತಿಂದ ಬಸಳೆಯ ಕಬ್ಬಿಣದಲ್ಲಿ ಹೆಚ್ಚಿನದು ಹಾಗೇ ಹೊರಗೆ ಹೋಗಿರುತ್ತದೆ.

ಈಗ ಅಂಕಿಗಳು. ಇಲ್ಲೇ ಹೆಚ್ಚಿನವರಿಗೆ ಗೊಂದಲ. ಸೀರಂ ಐರನ್, ಸ್ಯಾಚುರೇಶನ್, ಫೆರಿಟಿನ್ ಮೂರೂ ಒಂದೇ ಮಾತು ಹೇಳುವುದಿಲ್ಲ.

ರಕ್ತದಲ್ಲಿ ಕಬ್ಬಿಣ ಓಡಾಡುವುದು ಟ್ರಾನ್ಸ್‌ಫೆರಿನ್ ಎಂಬ ಪ್ರೋಟೀನಿನ ಮೇಲೆ. ಅದನ್ನು ಲೋಕಲ್ ಗಾಡಿ ಎಂದುಕೊಳ್ಳಿ. ಟಿಐಬಿಸಿ ಎಂದರೆ ಒಟ್ಟು ಸೀಟು. ಸೀರಂ ಐರನ್ ಎಂದರೆ ಈ ಹೊತ್ತಿಗೆ ಕೂತಿರುವ ಜನ. ಸ್ಯಾಚುರೇಶನ್ ಎಂದರೆ ನೂರರಲ್ಲಿ ಎಷ್ಟು ಸೀಟು ಭರ್ತಿ ಎಂಬ ಲೆಕ್ಕ. ಸಾಮಾನ್ಯವಾಗಿ 20ರಿಂದ 45 ಇರಬೇಕು. ಆದರೆ ನೀವು ಡೊಂಬಿವಲಿಯವರು, ನಿಮಗೆ ಬಿಡಿಸಿ ಹೇಳಬೇಕಾ? ಬೆಳಿಗ್ಗೆ ಎಂಟರ ಫಾಸ್ಟ್ ಗಾಡಿ ನೋಡಿ ಮಧ್ಯಾಹ್ನ ಎರಡರ ಗಾಡಿಯ ಲೆಕ್ಕ ಹಾಕಲಿಕ್ಕಾಗುತ್ತದಾ? ಸೀರಂ ಐರನ್ ಕೂಡ ಹಾಗೇ. ಒಂದೇ ದಿನದಲ್ಲಿ ಏರಿಳಿಯುತ್ತದೆ. ಊಟ, ಮಾತ್ರೆ, ಹೊತ್ತು ಎಲ್ಲಕ್ಕೂ ಬದಲಾಗುತ್ತದೆ. ರಕ್ತ ತೆಗೆಯುವಾಗ ಕೆಂಪು ಕಣ ಒಡೆದು ಹೋದರೂ ಅಂಕಿ ತಪ್ಪಾಗಬಹುದು.

ನೀವು ಟೆಸ್ಟಿನ ದಿನ ಬೆಳಿಗ್ಗೆ ಐರನ್ ಮಾತ್ರೆ ನುಂಗಿ ಹೋಗಿದ್ದೀರಿ. ಮಾತ್ರೆ ನುಂಗಿದ ಕೆಲವು ಗಂಟೆ ರಕ್ತದಲ್ಲಿ ಕಬ್ಬಿಣ ಏರಿಯೇ ಇರುತ್ತದೆ. ಆ 192, ಆ 57 ಪರ್ಸೆಂಟ್ ಎರಡನ್ನೂ ನಾನು ಸದ್ಯಕ್ಕೆ ನಂಬುವುದಿಲ್ಲ. ಸುಳ್ಳು ಎನ್ನುತ್ತಿಲ್ಲ. ನಂಬುವಂಥ ಹೊತ್ತಿನಲ್ಲಿ ಅಳೆದದ್ದಲ್ಲ, ಅಷ್ಟೇ.

ಫೆರಿಟಿನ್ ಕತೆ ಬೇರೆ. ಅದು ದಾಸ್ತಾನಿನ ಡಬ್ಬಿ. ಗಂಡಸರಲ್ಲಿ 300ರವರೆಗೆ ಸಾಮಾನ್ಯ ಎನ್ನುತ್ತೇವೆ, ಲ್ಯಾಬಿನಿಂದ ಲ್ಯಾಬಿಗೆ ಸ್ವಲ್ಪ ವ್ಯತ್ಯಾಸ ಇದೆ. ಇದು ಒಂದು ಬೆಳಗಿನ ಮಾತ್ರೆಗೆ ಏರುವುದಿಲ್ಲ. ಹಾಗಾದರೆ ಮೂರು ತಿಂಗಳ ಮಾತ್ರೆಗೆ? ಲೆಕ್ಕ ಮಾಡೋಣ, ಹೋಟೆಲಿನವರಿಗೆ ಲೆಕ್ಕ ಇಷ್ಟ. ಮಾತ್ರೆಯಲ್ಲಿ 100 ಮಿಲಿಗ್ರಾಂ ಕಬ್ಬಿಣ ಎಂದಿಟ್ಟುಕೊಳ್ಳಿ. ತೊಂಬತ್ತು ದಿನಕ್ಕೆ 9,000 ಮಿಲಿಗ್ರಾಂ. ದಾಸ್ತಾನು ತುಂಬಿದ ಗಂಡಸಿನ ಕರುಳು ಅದರಲ್ಲಿ ನೂರಕ್ಕೆ ಐದು ಪಾಲು ಒಳಗೆ ಬಿಟ್ಟಿತು ಎಂದರೆ 450 ಮಿಲಿಗ್ರಾಂ. ಫೆರಿಟಿನ್‌ನ ಒಂದು ಅಂಕಿಗೆ ಸುಮಾರು 8 ಮಿಲಿಗ್ರಾಂ ದಾಸ್ತಾನು ಎಂದು ನಾವು ಅಂದಾಜು ಹಾಕುತ್ತೇವೆ. ಅಂದರೆ ಮೂರು ತಿಂಗಳ ಮಾತ್ರೆ ನಿಮ್ಮ ಫೆರಿಟಿನ್ನನ್ನು ಐವತ್ತು-ಅರವತ್ತು ಅಂಕಿ ಏರಿಸಿರಬಹುದು. ಉಳಿದದ್ದು ಎಲ್ಲಿಂದ ಬಂತು?

ನಿಮ್ಮ ಪತ್ರದ ಕೊನೆಯ ನಾಲ್ಕು ಸಾಲಿನಿಂದ. "ಸಂಬಂಧ ಇರಲಿಕ್ಕಿಲ್ಲ" ಎಂದು ನೀವು ಪಕ್ಕಕ್ಕಿಟ್ಟ ಲಿವರ್ ಕೊಬ್ಬು, 40 ಇಂಚಿನ ಹೊಟ್ಟೆ, ರಾತ್ರಿಯ ಎರಡು-ಮೂರು ಪೆಗ್. ಇವುಗಳ ಜೊತೆ, ಲಿವರ್‌ಗೆ ಪೆಟ್ಟಾದರೆ ಏರುವ ಎಸ್‌ಜಿಪಿಟಿ 74, ಶುಗರ್ 112 ಇಟ್ಟು ನೋಡಿದರೆ ನನಗೆ ಕಾಣುವುದು ಮೊದಲು ಲಿವರ್, ಆಮೇಲೆ ಕಬ್ಬಿಣ.

ಫೆರಿಟಿನ್ ಬರೀ ಕಬ್ಬಿಣದ ಲೆಕ್ಕ ಹೇಳುವುದಿಲ್ಲ. ಮೈಯಲ್ಲಿ ಎಲ್ಲಿ ಉರಿಯೂತ ಇದ್ದರೂ ಏರುತ್ತದೆ. ಲಿವರ್‌ನ ಕಣಗಳಿಗೆ ಪೆಟ್ಟಾದರೆ ಅವುಗಳೊಳಗಿನ ಫೆರಿಟಿನ್ ರಕ್ತಕ್ಕೆ ಸೋರುತ್ತದೆ. 2020, 2021ರಲ್ಲಿ ಕೋವಿಡ್ ಬಂದು ಆಸ್ಪತ್ರೆ ಸೇರಿದವರ ಫೈಲುಗಳಲ್ಲಿ ಫೆರಿಟಿನ್ ಸಾವಿರ ದಾಟಿದ್ದು ಎಷ್ಟೋ ಜನರಿಗೆ ನೆನಪಿರಬಹುದು. ಅವರ್ಯಾರೂ ರಾತ್ರೋರಾತ್ರಿ ಕಬ್ಬಿಣ ತಿಂದವರಲ್ಲ. ಫೆರಿಟಿನ್ ಜಾಸ್ತಿ ಎಂದು ನನ್ನ ಹತ್ತಿರ ಬರುವವರಲ್ಲಿ ಬಹುಪಾಲು ಜನರಿಗೆ ನಿಜವಾದ ಕಬ್ಬಿಣದ ಹೊರೆ ಇರುವುದೇ ಇಲ್ಲ. ಇರುವುದು ಫ್ಯಾಟಿ ಲಿವರ್, ಕುಡಿತ, ಶುಗರ್, ಎಲ್ಲೋ ಒಂದು ಸೋಂಕು, ಸಂಧಿವಾತ, ಕಿಡ್ನಿ ತೊಂದರೆ. ಕೆಲವರಲ್ಲಿ ಥೈರಾಯ್ಡ್ ಜಾಸ್ತಿ. ಹೆಪಟೈಟಿಸ್ ಬಿ, ಸಿ ಕೂಡ ಹೀಗೇ ಮಾಡುತ್ತವೆ.

ಕುಡಿತದ ಬಗ್ಗೆ ಎರಡು ಮಾತು. ಬೈಯಲಿಕ್ಕಲ್ಲ. ಮಧ್ಯಾಹ್ನದಿಂದ ಗಲ್ಲಾದಲ್ಲಿ ಕೂತು, ರಾತ್ರಿ ಹನ್ನೊಂದಕ್ಕೆ ಶಟರ್ ಎಳೆದು, ಒಂದು ಗಂಟೆಗೆ ಊಟ ಮಾಡುವ ಬದುಕು ನನಗೆ ಗೊತ್ತು. ಆದರೆ ಮದ್ಯ ಎರಡು ಕಡೆಯಿಂದ ಹೊಡೆಯುತ್ತದೆ. ಲಿವರ್‌ಗೆ ನೇರ ಪೆಟ್ಟು, ಅದು ಒಂದು. ಜೊತೆಗೆ ಆಗಲೇ ಹೇಳಿದ ಹೆಪ್ಸಿಡಿನ್ ಕಾವಲನ್ನೂ ಸಡಿಲ ಮಾಡುತ್ತದೆ. ಆಗ ಕರುಳು ಬೇಡದ ಕಬ್ಬಿಣವನ್ನೂ ಒಳಗೆ ಬಿಡುತ್ತದೆ. "ಜಾಸ್ತಿ ಇಲ್ಲ" ಎಂದಿದ್ದೀರಿ. ಮನೆಯಲ್ಲಿ ಸುರಿದುಕೊಳ್ಳುವ ಪೆಗ್ ಬಾರಿನ 30 ಮಿಲಿ ಆಗಿರುವುದಿಲ್ಲ. ಒಮ್ಮೆ ಅಳೆದು ನೋಡಿ.

ಹಾಗಂತ ನಿಜವಾದ ಕಬ್ಬಿಣದ ಹೊರೆ ಎಂಬುದೇ ಇಲ್ಲವೆಂದಲ್ಲ. ಇಂಟರ್‌ನೆಟ್ಟಿನಲ್ಲಿ ಹುಡುಕಿದರೆ ಮೊದಲು ಕಾಣುವುದು ಹಿಮೋಕ್ರೊಮಟೋಸಿಸ್. ಇದು ಹುಟ್ಟಿನಿಂದ ಬರುವ ಕಾಯಿಲೆ. ಕರುಳಿನ ಬಾಗಿಲು ಸದಾ ತೆರೆದೇ ಇರುತ್ತದೆ. ವರ್ಷಗಟ್ಟಲೆ ಕಬ್ಬಿಣ ಸೇರಿ ಲಿವರ್, ಮೇದೋಜೀರಕ, ಹೃದಯ ಹಾಳಾಗುತ್ತವೆ. ಬೆರಳಿನ ಗಂಟು ನೋಯುತ್ತದೆ, ಅದರಲ್ಲೂ ತೋರುಬೆರಳು, ನಡುಬೆರಳು. ಚರ್ಮ ಕಪ್ಪಾಗುತ್ತದೆ, ಶುಗರ್ ಬರುತ್ತದೆ. ಇದರ ಎಚ್‌ಎಫ್‌ಇ ಜೀನ್ ಗೊತ್ತಾದದ್ದು 1996ರಲ್ಲಿ. ಆದರೆ ಅದರ ಮುಖ್ಯ ದೋಷ ಉತ್ತರ ಯುರೋಪಿನ ಮೂಲದವರಲ್ಲಿ ಸಾಮಾನ್ಯ, ನಮ್ಮವರಲ್ಲಿ ಬಹಳ ಅಪರೂಪ. ಮೊದಲ ರಿಪೋರ್ಟಿಗೇ ಸಾವಿರಾರು ರೂಪಾಯಿ ಕೊಟ್ಟು ಜೀನ್ ಟೆಸ್ಟ್ ಮಾಡಿಸಬೇಡಿ ಎಂದು ನಾನು ಹೇಳುವುದು ಅದಕ್ಕೇ. ತಮ್ಮನಿಗೂ ಮಕ್ಕಳಿಗೂ ಸದ್ಯಕ್ಕೆ ಏನೂ ಬೇಡ. ನಿಮ್ಮ ಎರಡನೇ ಟೆಸ್ಟ್ ಬಂದ ಮೇಲೆ ಆ ಮಾತು.

ನಮ್ಮಲ್ಲಿ ಕಬ್ಬಿಣದ ಹೊರೆಯ ದೊಡ್ಡ ಕಾರಣ ಥಲಸ್ಸೀಮಿಯಾ, ಹುಟ್ಟಿನಿಂದಲೇ ಹಿಮೋಗ್ಲೋಬಿನ್ ಸರಿಯಾಗಿ ತಯಾರಾಗದ ಕಾಯಿಲೆ. ಅದು ಜೋರಾಗಿರುವ ಮಕ್ಕಳಿಗೆ ಎರಡು ಮೂರು ವಾರಕ್ಕೊಮ್ಮೆ ರಕ್ತ ಕೊಡಬೇಕು. ಒಂದೊಂದು ಬಾಟಲಿಯಲ್ಲೂ 200 ಮಿಲಿಗ್ರಾಂ ಹತ್ತಿರ ಕಬ್ಬಿಣ ಇರುತ್ತದೆ. ಹೊರಹೋಗುವ ದಾರಿ ಇಲ್ಲ, ಹಾಗಾಗಿ ಅದನ್ನು ಹಿಡಿದು ಹೊರಹಾಕುವ ಔಷಧಿ ಕೊಡುತ್ತೇವೆ. ಮೊದಲು ರಾತ್ರಿಯಿಡೀ ಹೊಟ್ಟೆಯ ಚರ್ಮಕ್ಕೆ ಪಂಪು ಚುಚ್ಚಿಕೊಂಡು ಮಲಗಬೇಕಿತ್ತು. 1990ರ ದಶಕದ ಮಧ್ಯದಲ್ಲಿ ಡೆಫೆರಿಪ್ರೋನ್ ಎಂಬ ನುಂಗುವ ಔಷಧಿಯನ್ನು ಮುಂಬೈಯ ಸಿಪ್ಲಾ ಭಾರತದಲ್ಲಿ ತಂದಿತು. ಅಮೆರಿಕಕ್ಕಿಂತ ಎಷ್ಟೋ ವರ್ಷ ಮೊದಲೇ ಅದು ಇಲ್ಲಿತ್ತು.

ಕೆಂಪು ಕಣದ ಗಾತ್ರ ಹೇಳುವ ಎಂಸಿವಿ ನಿಮ್ಮದು 88, ಹಿಮೋಗ್ಲೋಬಿನ್ 15. ಥಲಸ್ಸೀಮಿಯಾದ ಪ್ರಶ್ನೆ ನಿಮಗೆ ಬರುವುದಿಲ್ಲ. ಆದರೆ ಇದನ್ನು ಓದುವ ಬೇರೆಯವರಿಗಾಗಿ ಹೇಳುತ್ತೇನೆ. ಥಲಸ್ಸೀಮಿಯಾ ಮೈನರ್, ಅಂದರೆ ಆ ದೋಷ ಅಪ್ಪ-ಅಮ್ಮರಲ್ಲಿ ಒಬ್ಬರಿಂದ ಮಾತ್ರ ಬಂದಿರುವವರಿಗೆ ಹಿಮೋಗ್ಲೋಬಿನ್ ಸ್ವಲ್ಪ ಕಡಿಮೆ, ಎಂಸಿವಿ ತುಂಬಾ ಕಡಿಮೆ ಇರುತ್ತದೆ. ನೋಡಿದರೆ ಕಬ್ಬಿಣದ ಕೊರತೆಯ ಹಾಗೇ. ಮುಲುಂಡಿನಿಂದ ಒಬ್ಬ ಹೆಂಗಸು ಬಂದಿದ್ದರು, ಹನ್ನೊಂದು ವರ್ಷ ಬಿಟ್ಟು ಬಿಟ್ಟು ಐರನ್ ಮಾತ್ರೆ ತೆಗೆದುಕೊಂಡವರು. ಹೋದಲ್ಲೆಲ್ಲ ಹಿಮೋಗ್ಲೋಬಿನ್ 10 ಎಂದು ಮಾತ್ರೆ ಬರೆದಿದ್ದರು. ಫೆರಿಟಿನ್ ಯಾರೂ ನೋಡಿರಲಿಲ್ಲ. ನೋಡಿದರೆ 480. ಹಿಮೋಗ್ಲೋಬಿನ್ ಬಗೆಗಳನ್ನು ಅಳೆಯುವ ಎಚ್‌ಬಿಎ2 ಟೆಸ್ಟಿನಲ್ಲಿ ಥಲಸ್ಸೀಮಿಯಾ ಮೈನರ್ ಸಿಕ್ಕಿತು. ಸಿಂಧಿ, ಪಂಜಾಬಿ, ಲೋಹಾಣಾ, ಕಚ್ಛಿ ಭಾನುಶಾಲಿ ಸಮಾಜಗಳಲ್ಲಿ ಇದು ಹೆಚ್ಚು, ಆದರೆ ನಮ್ಮವರಲ್ಲಿ ಇಲ್ಲ ಎಂದುಕೊಳ್ಳಬೇಡಿ. ಮುಂಬೈಯವರಿಗೆ ಪರೇಲಿನ ಕೆಇಎಂ ಆವರಣದಲ್ಲೇ ಐಸಿಎಂಆರ್‌ನ ರಾಷ್ಟ್ರೀಯ ಇಮ್ಯುನೋಹಿಮಟಾಲಜಿ ಸಂಸ್ಥೆ ಇದೆ. ಹಿಮೋಗ್ಲೋಬಿನ್ ಕಾಯಿಲೆಗಳ ಮೇಲೆ ಕೆಲಸ ಮಾಡುತ್ತಾ ಬಂದ ಜಾಗ ಅದು.

ಈಗ ನೀವೇನು ಮಾಡಬೇಕು?

ಐರನ್ ಮಾತ್ರೆ ಇವತ್ತೇ ನಿಲ್ಲಿಸಿ. ಮಲ್ಟಿವಿಟಮಿನ್ ತೆಗೆದುಕೊಳ್ಳುತ್ತಿದ್ದರೆ ಹಿಂದಿನ ಅಕ್ಷರ ಓದಿ, ಅದರಲ್ಲೂ ಕಬ್ಬಿಣ ಇರಬಹುದು. ವಿಟಮಿನ್ ಸಿ ಮಾತ್ರೆ ಕಬ್ಬಿಣವನ್ನು ಜಾಸ್ತಿ ಎಳೆದುಕೊಳ್ಳುತ್ತದೆ, ಅದೂ ಸದ್ಯಕ್ಕೆ ಬೇಡ. ಲಿವರ್‌ಗೆ ಒಳ್ಳೆಯದು ಎಂದು ಯಾರಾದರೂ ಟಾನಿಕ್ ಕೊಟ್ಟರೆ ಹುಷಾರು. ಪುನರ್ನವಾ ಮಂಡೂರ, ಲೋಹಾಸವ ಇಂಥವುಗಳಲ್ಲಿ ಇರುವುದೇ ಕಬ್ಬಿಣ. ಮಂಡೂರ ಎಂದರೆ ಕಬ್ಬಿಣದ ಕಿಟ್ಟ. ಕೊರತೆ ಇದ್ದವರಿಗೆ ಕೊಡುವುದನ್ನು ನೀವು ಕುಡಿದರೆ ಏನಾಗಬೇಕು? ಅಮೃತಬಳ್ಳಿ ಕಷಾಯವೂ ಬೇಡ. ಕೋವಿಡ್ ಕಾಲದಲ್ಲಿ ಅದನ್ನು ಕುಡಿದು ಲಿವರ್‌ಗೆ ಪೆಟ್ಟು ಬಿದ್ದವರ ಬಗ್ಗೆ ಮುಂಬೈಯ ವೈದ್ಯರೇ ಬರೆದಿದ್ದಾರೆ.

ಮೂರು ನಾಲ್ಕು ವಾರ ಬಿಟ್ಟು, ಜ್ವರ-ಶೀತ ಇಲ್ಲದ ಒಂದು ಬೆಳಿಗ್ಗೆ, ಖಾಲಿ ಹೊಟ್ಟೆಯಲ್ಲಿ ಮತ್ತೆ ಐರನ್, ಟಿಐಬಿಸಿ, ಫೆರಿಟಿನ್ ಮಾಡಿಸಿ. ಜೊತೆಗೆ ಸಿಆರ್‌ಪಿ (ಉರಿಯೂತದ ಟೆಸ್ಟ್), ಲಿವರ್ ಟೆಸ್ಟ್ ಪೂರ್ತಿ, ಎಚ್‌ಬಿಎ1ಸಿ (ಮೂರು ತಿಂಗಳ ಶುಗರ್ ಸರಾಸರಿ), ಹೆಪಟೈಟಿಸ್ ಬಿ ಮತ್ತು ಸಿ. ಅಲ್ಲಿಂದ ದಾರಿ ಎರಡಾಗುತ್ತದೆ.

ಸ್ಯಾಚುರೇಶನ್ 45ಕ್ಕಿಂತ ಕೆಳಗಿಳಿದು, ಫೆರಿಟಿನ್ ಮಾತ್ರ ಮೇಲೇ ಇದ್ದರೆ ಕಬ್ಬಿಣದ ಹಿಂದೆ ಓಡಬೇಡಿ. ಲಿವರ್ ನೋಡಿಸಿ. ಲಿವರ್ ಗಟ್ಟಿಯಾಗಿದೆಯಾ ಎಂದು ಫೈಬ್ರೋಸ್ಕ್ಯಾನ್ ಹೇಳುತ್ತದೆ, ಸೂಜಿ ಚುಚ್ಚುವ ಕೆಲಸ ಇಲ್ಲ. ನನ್ನ ಅಂದಾಜಿನಲ್ಲಿ ನಿಮ್ಮದು ಈ ದಾರಿ.

ಎರಡನೇ ಸಲವೂ ಸ್ಯಾಚುರೇಶನ್ 45 ದಾಟಿದ್ದರೆ, ಅಥವಾ ಫೆರಿಟಿನ್ 1,000 ದಾಟಿದ್ದರೆ ಆಗ ರಕ್ತದ ತಜ್ಞರನ್ನೋ ಲಿವರ್ ತಜ್ಞರನ್ನೋ ನೋಡಲೇಬೇಕು. ಲಿವರ್‌ನಲ್ಲಿ ಕಬ್ಬಿಣ ಎಷ್ಟಿದೆ ಎಂದು ಎಂಆರ್‌ಐನಲ್ಲಿ ಅಳೆಯಬಹುದು. ಜೀನ್ ಟೆಸ್ಟಿನ ಮಾತು ಬರುವುದೂ ಆವಾಗಲೇ.

ರಕ್ತದಾನ ಕೇಳಿದ್ದೀರಿ. ಒಂದು ಮಿಲಿ ರಕ್ತದಲ್ಲಿ ಅರ್ಧ ಮಿಲಿಗ್ರಾಂ ಕಬ್ಬಿಣ ಇದೆ. 350 ಮಿಲಿ ಕೊಟ್ಟರೆ 175 ಮಿಲಿಗ್ರಾಂ ಹೋಯಿತು, ಫೆರಿಟಿನ್‌ನಲ್ಲಿ ಇಪ್ಪತ್ತು ಅಂಕಿಯ ಆಸುಪಾಸು. ಹಿಮೋಕ್ರೊಮಟೋಸಿಸ್ ಇದ್ದವರಿಗೆ ರಕ್ತ ತೆಗೆಯುವುದೇ ಮುಖ್ಯ ಚಿಕಿತ್ಸೆ, ಅದು ಗಟ್ಟಿ. ಆದರೆ ಫ್ಯಾಟಿ ಲಿವರ್‌ನಿಂದ ಫೆರಿಟಿನ್ ಏರಿದವರಲ್ಲಿ ರಕ್ತ ತೆಗೆದು ನೋಡಿದಾಗ ಲಿವರ್‌ಗೆ ಲಾಭ ಕಂಡಿಲ್ಲ. ದಾನ ಮಾಡುವುದಾದರೆ ಬೇರೆಯವರಿಗಾಗಿ ಮಾಡಿ, ಕಾರಣ ಗೊತ್ತಾದ ಮೇಲೆ, ಬ್ಲಡ್ ಬ್ಯಾಂಕಿನ ಡಾಕ್ಟರಿಗೆ ಎಲ್ಲ ಹೇಳಿ. ಗಂಡಸರಿಗೆ ಒಂದು ದಾನಕ್ಕೂ ಇನ್ನೊಂದಕ್ಕೂ 90 ದಿನದ ಅಂತರ ಇರಬೇಕು. ಕಬ್ಬಿಣ ಹೊರಹಾಕುವ ಮಾತ್ರೆಯನ್ನು ಸುಮ್ನೆ ತೆಗೆದುಕೊಳ್ಳುವಂತಿಲ್ಲ. ಕೆಲವು ಕಿಡ್ನಿಗೆ ತೊಂದರೆ ಕೊಡುತ್ತವೆ, ಕೆಲವು ಬಿಳಿ ಕಣಗಳನ್ನು ಇಳಿಸುತ್ತವೆ.

ಕುಡಿತ ನಿಲ್ಲಿಸಿ. ಕಡಿಮೆ ಮಾಡಿ ಎಂದು ಹೇಳಬಹುದಿತ್ತು, ಆದರೆ ಈ ಮೂರು ತಿಂಗಳು ಪೂರ್ತಿ ಬಿಟ್ಟರೆ ಫೆರಿಟಿನ್ ಎಷ್ಟು ಇಳಿಯಿತು ಎಂಬುದೇ ಒಂದು ಟೆಸ್ಟ್. ಒಂದು ಎಚ್ಚರಿಕೆ ಇದೆ. ನೀವು ಬರೆದದ್ದಕ್ಕಿಂತ ಜಾಸ್ತಿ ಕುಡಿಯುತ್ತಿದ್ದರೆ, ಬಿಟ್ಟ ದಿನ ಕೈ ನಡುಗುವುದು, ಬೆವರುವುದು ಇದ್ದರೆ ಒಮ್ಮೆಲೇ ನಿಲ್ಲಿಸಬೇಡಿ, ಡಾಕ್ಟರಿಗೆ ಹೇಳಿ. ಫಿಟ್ಸ್ ಬರುವ ಅಪಾಯ ಇದೆ. ತೂಕ ನೂರಕ್ಕೆ ಏಳರಿಂದ ಹತ್ತು ಪಾಲು ಇಳಿಸಿದರೆ ಲಿವರ್ ಕೊಬ್ಬು ಚೆನ್ನಾಗಿ ಕರಗುತ್ತದೆ. ನಿಧಾನವಾಗಿ, ಆರೆಂಟು ತಿಂಗಳಲ್ಲಿ. ಉಪವಾಸ ಬಿದ್ದು ಒಂದು ತಿಂಗಳಲ್ಲಿ ಇಳಿಸಿದರೆ ಲಿವರ್‌ಗೇ ಕಷ್ಟ. ರಾತ್ರಿ ಒಂದು ಗಂಟೆಯ ಊಟವನ್ನು ಹೋಟೆಲಿನಲ್ಲೇ ಒಂಬತ್ತಕ್ಕೆ ಮುಗಿಸಲು ನೋಡಿ. ಸಕ್ಕರೆ ಕಡಿಮೆ ಹಾಕಿದ ಫಿಲ್ಟರ್ ಕಾಫಿ ಕುಡಿಯಿರಿ, ಲಿವರ್‌ಗೆ ಅದು ಒಳ್ಳೆಯದೇ. ಮೀನು ತಿನ್ನಿ. ಮಳಿ, ಕಲ್ವದಂಥ ಚಿಪ್ಪುಮೀನು ಮಾತ್ರ ಚೆನ್ನಾಗಿ ಬೇಯಿಸಿ. ಲಿವರ್ ಕೆಟ್ಟವರಿಗೆ, ಕಬ್ಬಿಣ ಹೆಚ್ಚಿದ್ದವರಿಗೆ ಅರೆಬೆಂದ ಚಿಪ್ಪಿನಿಂದ ಬರುವ ಸೋಂಕು ಜೀವಕ್ಕೇ ಅಪಾಯ ತರಬಹುದು. ಬಸಳೆ, ಹರಿವೆ, ರಾಗಿ ಬಿಡುವ ಅಗತ್ಯ ಏನೂ ಇಲ್ಲ. ಸೊಪ್ಪಿನ ಕಬ್ಬಿಣ ಮೈಗೆ ಹತ್ತುವುದೇ ಸ್ವಲ್ಪ, ನಾರು ಲಿವರ್‌ಗೂ ಶುಗರ್‌ಗೂ ಬೇಕು.

ಇಷ್ಟು ಹೊತ್ತು ನಿಮ್ಮ ವಿಷಯ. ನನಗೆ ನಿಜವಾಗಿ ಚಿಂತೆ ಇರುವುದು ನಿಮ್ಮ ಹೆಂಡತಿಯ ಬಗ್ಗೆ. ಫೆರಿಟಿನ್ 9 ಎಂದರೆ ದಾಸ್ತಾನು ಪೂರ್ತಿ ಖಾಲಿ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ನೂರಕ್ಕೆ 57 ಜನರಿಗೆ ರಕ್ತಹೀನತೆ ಇತ್ತು. ಎಲ್ಲರಿಗೂ ಇದೆ ಎಂದು ನಾವು ಸುಮ್ಮನಾಗುತ್ತೇವೆ. ಅವರ ಮಾತ್ರೆ ನೀವು ಮೂರು ತಿಂಗಳು ನುಂಗಿದ್ದೀರಿ. ಅವರಿಗೆ ಸರಿಯಾಗಿ ಸಿಕ್ಕಿತಾ, ಕೇಳಿ. ಮುಟ್ಟಿನಲ್ಲಿ ರಕ್ತ ಜಾಸ್ತಿ ಹೋಗುತ್ತಿದೆಯಾ, ಮೂಲವ್ಯಾಧಿ ಇದೆಯಾ, ಹೊಟ್ಟೆಯಲ್ಲಿ ಎಲ್ಲಾದರೂ ರಕ್ತ ಸೋರುತ್ತಿದೆಯಾ ಎಂದು ಡಾಕ್ಟರ್ ನೋಡಬೇಕು. ಬರೀ ಮಾತ್ರೆ ಬರೆದು ಕಳಿಸಿದರೆ ಸಾಲದು. ಮಾತ್ರೆಯನ್ನು ಚಹಾ, ಕಾಫಿ ಜೊತೆ ತೆಗೆದುಕೊಳ್ಳದೆ ಒಂದೆರಡು ಗಂಟೆ ಅಂತರ ಇಡಲಿ. ಹಿಮೋಗ್ಲೋಬಿನ್ ಸರಿಯಾದ ಮೇಲೂ ಮೂರು ತಿಂಗಳು ಮುಂದುವರಿಸಲಿ, ಇಲ್ಲದಿದ್ದರೆ ದಾಸ್ತಾನು ತುಂಬುವುದಿಲ್ಲ. ಮನೆಯಲ್ಲಿ ಸಣ್ಣ ಮಕ್ಕಳು ಬಂದು ಹೋಗುವವರಿದ್ದರೆ ಆ ಡಬ್ಬಿ ಎತ್ತರದಲ್ಲಿ ಇಡಿ. ಮಿಠಾಯಿ ಎಂದು ಮಗು ಹತ್ತು ಐರನ್ ಮಾತ್ರೆ ನುಂಗಿದರೆ ಅದು ವಿಷ.

ಮತ್ತೆ ಆ ಬಾಣಲೆ, ಕಾವಲಿಯನ್ನು ಲಾಫ್ಟಿನಿಂದ ಇಳಿಸಿ. ನಿಮ್ಮ ಹೆಂಡತಿಗೆ ಅದು ಬೇಕು.